ನುಸಿಗುಳಿಗೆಯೂ ಶಿಶುವಿನ ರಕ್ತವೂ

ಬಾಣಂತಿಯ ಮನೆಯಲ್ಲಿ ಪೆಟ್ಟಿಗೆಯೊಳಗಿನ ಹಳೆಯ ಮೆತ್ತನೆಯ ಸೀರೆಗಳನ್ನು ತೆಗೆದು ಕೂಸಿಗೆ ಹೊದಿಸುವುದು ನಮ್ಮಲ್ಲಿ ವಾಡಿಕೆ. ಆ ಪೆಟ್ಟಿಗೆಯಲ್ಲಿ ನ್ಯಾಫ್ತಲೀನಿನ ನುಸಿಗುಳಿಗೆಗಳಿದ್ದರೆ ಅವುಗಳ ಆವಿಯು ಬಟ್ಟೆಯೊಡನೆ ತೊಟ್ಟಿಲನ್ನೂ ಸೇರುವುದು. ಇದು ಯಾವ ಶಿಶುವಿಗೂ ಹಿತವಲ್ಲ; ಕೆಲವು ಶಿಶುಗಳಿಗಂತೂ ಪ್ರಾಣಾಪಾಯಕರ. ಇದರ ಕಾರಣವನ್ನು ಈ ತಿಂಗಳು ವಿಚಾರಿಸೋಣ.

ತಂದೆತಾಯಿಗಳ ದೇಹಲಕ್ಷಣಗಳನ್ನು ಮಕ್ಕಳಿಗೆ ಒಯ್ಯುವುದರಿಂದ ಜೀನಿಗೆ ವಂಶವಾಹಿಯೆಂಬ ಹೆಸರು ಅನ್ವರ್ಥವಾಗಿದೆ. ಎಕ್ಸ್ ಎಂಬ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯು ಗ್ಲೂಕೋಸ್-೬-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ನಿರ್ಮಿಸುವ ಕ್ರಮವನ್ನು ತಿಳಿಸುವುದು. ಹೆಸರಿನ ಉದ್ದಕ್ಕೆ ವಾಚಕರು ಅಂಜಬೇಕಾಗಿಲ್ಲ. ವೈದ್ಯರೂ ಅದನ್ನು ಜಿ೬ಪಿಡಿ ಎಂದೇ ಕರೆಯುವರು. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಉತ್ಕರ್ಷಣದಂತಹ ಕ್ರಿಯೆಯಿಂದ ಕೆಂಪು ರಕ್ತಕಣವನ್ನು ಕಾಪಾಡುವುದೇ ಇದರ ಕಾರ್ಯ. ಇತರ ಜೀವಕೋಶಗಳಿಗೆ ಈ ರಕ್ಷಣೆಗಾಗಿ ಬೇರೆ ಮಾರ್ಗಗಳೂ ಉಂಟು. ಕೆಂಪುಕಣಕ್ಕೆ ಇದೇ ಆಸರೆ.

ಈ ಕಿಣ್ವದ ಕೊರತೆಯುಳ್ಳವರು ಲೋಕದಲ್ಲಿ ೪೦ ಕೋಟಿಗೂ ಹೆಚ್ಚು ಮಂದಿ ಇರುವರೆಂದು ಅಂದಾಜು. ಅವರಲ್ಲಿ ಬಹುಮಂದಿ ಯಾವ ತೊಂದರೆಯನ್ನೂ ಕಾಣದೆ ಬಾಳುವರು. ಅಪಥ್ಯವಾದ ವಸ್ತು ದೇಹವನ್ನು ಹೊಕ್ಕಾಗಲೇ ರಕ್ತಕಣಗಳು ಒಡೆಯತೊಡಗುವುವು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಕೆಲವರ ರಕ್ತವನ್ನು ಮಾತ್ರ ಏಕೆ ಕೆಡಿಸುವುದೆಂದು ಶೋಧಿಸುತ್ತಿದ್ದ ಅಮೆರಿಕದ ವಿಜ್ಞಾನಿಗಳು ೧೯೫೬ರಲ್ಲಿ ಈ ಕೊರತೆಯನ್ನು ಪ್ರಕಟಿಸಿದರು. ಮೆಡಿಟರೇನಿಯನ್ ಸೀಮೆಯ ಫಾವಾ ಎಂಬ ಕಾಳೂ ಇಂತಹವರಿಗೆ ವಿಷಪ್ರಾಯ. ನಮ್ಮ ಹೊಲದ ಅವರೆ ಬೇರೆ ಜಾತಿಯದು. ಹೆಸರು ಕೇಳಿ ಭ್ರಮಿಸಬೇಡಿರಿ.

ಗಂಡುಮಗುವಿಗೆ ಎಕ್ಸ್ ವರ್ಣತಂತು ಒಂದೇ; ಅದು ತಾಯಿಯಿಂದ ಬಂದುದು. ಆದುದರಿಂದ ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಇಷ್ಟನ್ನು ಕೇಳಿದೊಡನೆ ಸೊಸೆಯ ಮೇಲೆ ದೋಷ ಹೊರಿಸುವ ಮನೆಗಳುಂಟು. ಇದು ಅನ್ಯಾಯ. ಆಕೆಗೂ ಅದು ತನ್ನ ತಂದೆಯಿಂದಲೋ ತಾಯಿಯಿಂದಲೋ ಬಂದಿರುವುದೇ ಹೊರತು ಆಕೆ ಬೇಡಿ ಪಡೆದುದಲ್ಲ. ಇದಲ್ಲದೆ, ಮಲೇರಿಯಾ ಹಬ್ಬಿದ್ದ ನಾಡುಗಳಲ್ಲಿ ಈ ವ್ಯತ್ಯಾಸವೇ ಆ ಜ್ವರದಿಂದ ಕೆಲಮಟ್ಟಿಗೆ ರಕ್ಷಣೆ ಕೊಟ್ಟುದರಿಂದ ಉಳಿದುಬಂದಿತೆಂದು ವಿಜ್ಞಾನಿಗಳ ಅಭಿಪ್ರಾಯ.

ಗೃಹಸ್ಥರು ಮಾಡಬೇಕಾದುದು ಇಷ್ಟೆ. ಕೂಸಿನ ಬಟ್ಟೆಬರೆಗಳ ಬಳಿ ನ್ಯಾಫ್ತಲೀನ್ ಇಡಬಾರದು. ನವಜಾತ ಶಿಶುವಿನ ಕಣ್ಣು, ಮೈ ಹಳದಿಯಾದರೆ ಎಳೆಬಿಸಿಲು ಕಾಯಿಸಿದರೆ ಹೋದೀತೆಂದು ತಡಮಾಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಕಾಮಾಲೆ ಮಿತಿಮೀರಿದರೆ ಮಿದುಳಿಗೆ ಶಾಶ್ವತ ಹಾನಿಯಾದೀತು. ದೊಡ್ಡವರಲ್ಲಿ ಔಷಧ ಸೇವಿಸಿದ ಮೇಲೆ ಮೂತ್ರ ಕಪ್ಪಾಗಿ, ಮುಖ ಬಿಳಿಚಿ, ಉಬ್ಬಸ ಕಂಡರೂ ಹಾಗೆಯೇ.

ಕೊರತೆ ಉಂಟೋ ಇಲ್ಲವೋ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುವುದು. ಉಂಟೆಂದಾದರೆ ಆ ಚೀಟಿಯನ್ನು ಮಗುವಿನ ಜನ್ಮಪತ್ರಿಕೆಯೊಡನೆಯೇ ಇಟ್ಟು, ಪ್ರತಿಯೊಬ್ಬ ವೈದ್ಯರಿಗೂ ತೋರಿಸಿರಿ. ಜನ್ಮಪತ್ರಿಕೆ ಮದುವೆಯ ಕಾಲಕ್ಕೆ ಬೇಕಾದೀತು. ಈ ಚೀಟಿ ಪ್ರತಿಸಲ ಔಷಧ ಕೊಳ್ಳುವಾಗಲೂ ಬೇಕು.