ಮೂರು ಜನ, ಎರಡು ದೇಶ, ಒಂದು ಪಟ್ಟಿ

ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ಶಾಲೆಗೆ ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಪ್ರಯಾಣದ ಮಾತು ಶುರುವಾಗುತ್ತದೆ. ಹಿಂದೆ ಹೊರನಾಡು, ಧರ್ಮಸ್ಥಳ ಎನ್ನುತ್ತಿದ್ದವರು ಈಗ ಫ್ರಾಂಕ್‌ಫರ್ಟ್, ಲಂಡನ್ ಎನ್ನುತ್ತಾರೆ. ಒಬ್ಬ ಮಗ ಒಂದು ದೇಶದಲ್ಲಿ, ಮಗಳು ಇನ್ನೊಂದು ದೇಶದಲ್ಲಿ. ನೋಡಬೇಕಾದವರು ಇಬ್ಬರು, ಹೊರಡುವವರು ಮೂವರು, ಹಿಂತಿರುಗುವ ದಿನ ಮಾತ್ರ ಬೇರೆ ಬೇರೆ. ಹೀಗಿರುವಾಗ ವಿಮಾನದ ಟಿಕೆಟ್ ತೆಗೆಯುವುದು ಹೇಗೆ?

ಮಕ್ಕಳೇ, ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಳಸದ ಕಡೆಯ ಒಂದು ಮನೆ ಎಂದುಕೊಳ್ಳೋಣ. ಅಜ್ಜ, ಅಜ್ಜಿ ಮತ್ತು ಐದನೇ ತರಗತಿಯ ಮೊಮ್ಮಗಳು ಏಪ್ರಿಲ್ ಮಧ್ಯದಲ್ಲಿ ಫ್ರಾಂಕ್‌ಫರ್ಟಿನ ಚಿಕ್ಕಪ್ಪನ ಮನೆಗೆ ಹೋಗುತ್ತಾರೆ. ಒಂದು ತಿಂಗಳಾದ ಮೇಲೆ ಅಜ್ಜ, ಮೊಮ್ಮಗಳು ವಾಪಸು; ಅವನಿಗೆ ಮಳೆ ಹಿಡಿಯುವ ಮುನ್ನ ತೋಟದ ಮರಗಸಿ ಮುಗಿಸಬೇಕು, ಅವಳಿಗೆ ಶಾಲೆ. ಅಜ್ಜಿ ಮಾತ್ರ ಅಲ್ಲಿಂದ ಲಂಡನ್ನಿಗೆ, ಮಗಳ ಬಾಣಂತನಕ್ಕೆ. ಅಲ್ಲಿ ಮೂರು ತಿಂಗಳಿದ್ದು ಒಬ್ಬರೇ ಊರಿಗೆ ಬರಬೇಕು.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಪಟ್ಟಿ ಬರೆಯಿರಿ. ಎಡಗಡೆ ಮೂವರ ಹೆಸರು, ಮೇಲ್ಗಡೆ ತಾರೀಖು. ಯಾವ ದಿನ ಯಾರು ಯಾವ ಊರಿನಲ್ಲಿ ಎಂದು ಪ್ರತಿ ಮನೆಯಲ್ಲೂ ತುಂಬಿ. ಅಜ್ಜ ಮತ್ತು ಮೊಮ್ಮಗಳ ಸಾಲು ಒಂದೇ ತರಹ ಇರುತ್ತದೆ. ಆದ್ದರಿಂದ ಅವರಿಬ್ಬರಿಗೂ ಒಂದೇ ಬುಕಿಂಗ್, ಬೆಂಗಳೂರು-ಫ್ರಾಂಕ್‌ಫರ್ಟ್ ಹೋಗಿಬರುವ ಟಿಕೆಟ್. ಅಜ್ಜಿಯ ಸಾಲು ಬೇರೆ, ಬುಕಿಂಗೂ ಬೇರೆ. ಪ್ರತಿ ಬುಕಿಂಗಿಗೂ ಪಿಎನ್‌ಆರ್ ಎಂಬ ಆರು ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಒಂದು ವಿಮಾನ ರದ್ದಾದರೆ ಸಾಮಾನ್ಯವಾಗಿ ಒಂದೇ ಪಿಎನ್‌ಆರ್‌ನವರನ್ನು ಒಟ್ಟಿಗೆ ಬೇರೆ ವಿಮಾನಕ್ಕೆ ಹಾಕುತ್ತಾರೆ. ಹಾಗಾಗಿ ಮಗು ಯಾವಾಗಲೂ ತನ್ನ ಜೊತೆ ಹೋಗಿಬರುವ ಹಿರಿಯರ ಪಿಎನ್‌ಆರ್‌ನಲ್ಲೇ ಇರಬೇಕು. ಹೋಗುವಾಗ ಅಜ್ಜಿಯೂ ಅದೇ ವಿಮಾನದಲ್ಲಿದ್ದಾರೆ ಎಂದು ವಿಮಾನ ಕಂಪನಿಗೆ ತಿಳಿಸಿ, ಎರಡೂ ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಜೋಡಿಸಿ ಬರೆದುಕೊಳ್ಳಲು ಹೇಳಬಹುದು.

ಅಜ್ಜಿಗೆ ಬೇಕಾದದ್ದು ‘ಮಲ್ಟಿ ಸಿಟಿ’ ಟಿಕೆಟ್: ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಫ್ರಾಂಕ್‌ಫರ್ಟಿನಿಂದ ಲಂಡನ್, ಲಂಡನ್ನಿನಿಂದ ಬೆಂಗಳೂರು. ಮೂರು ಬಿಡಿ ಟಿಕೆಟ್‌ಗಳ ಮೊತ್ತಕ್ಕಿಂತ ಇದು ಎಷ್ಟೋ ಸಲ ಅಗ್ಗ. ಎರಡನ್ನೂ ಹೋಲಿಸಿ ನೋಡಿ. ಆದರೆ ಒಂದು ಕಟ್ಟುಪಾಡಿದೆ. ಒಂದೇ ಟಿಕೆಟ್ಟಿನ ಹಂತಗಳನ್ನು ಬರೆದ ಕ್ರಮದಲ್ಲೇ ಪ್ರಯಾಣ ಮಾಡಬೇಕು. ನಡುವಿನ ವಿಮಾನವನ್ನು ಹೇಳದೆ ಬಿಟ್ಟು ಚಿಕ್ಕಪ್ಪನ ಜೊತೆ ರೈಲಿನಲ್ಲಿ ಲಂಡನ್ನಿಗೆ ಹೋದರೆ, ಊರಿಗೆ ಬರುವ ಹಂತವೂ ತಾನಾಗಿ ರದ್ದಾಗುತ್ತದೆ. ರೈಲಿನ ಯೋಚನೆ ಇದ್ದರೆ ನಡುವಿನ ಹಂತವನ್ನು ಟಿಕೆಟ್ಟಿಗೆ ಸೇರಿಸಲೇಬಾರದು.

ಇನ್ನು ಒಂದು ಸಣ್ಣ ಲೆಕ್ಕ. ಒಂದೇ ವಿಮಾನದ ಸೀಟುಗಳಿಗೂ ಹಲವು ದರಗಳಿರುತ್ತವೆ. 30,000 ರೂಪಾಯಿಯ ಸೀಟು ಎರಡೇ ಉಳಿದಿವೆ, ಮುಂದಿನ ದರ 36,000 ಎಂದುಕೊಳ್ಳಿ. ಮೂರು ಸೀಟು ಒಟ್ಟಿಗೆ ಕೇಳಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಮೂರನ್ನೂ 36,000ಕ್ಕೆ ತೋರಿಸುತ್ತದೆ: 1,08,000. ಎರಡು ಬೇರೆ, ಒಂದು ಬೇರೆ ಕೇಳಿದರೆ 96,000. ಉಳಿತಾಯ ಎಷ್ಟು? ಬಾಯಲ್ಲೇ ಹೇಳಿ.

ಹಾಗೆಂದು ಅಗ್ಗದ್ದೇ ಎಲ್ಲರಿಗೂ ಒಳ್ಳೆಯದಲ್ಲ. ಶಾಲೆ ತೆರೆಯುವ ದಿನ ಮೊದಲೇ ಗೊತ್ತು; ಮೊಮ್ಮಗಳಿಗೂ ಅಜ್ಜನಿಗೂ ದಿನ ಬದಲಿಸಲಾಗದ ಕಡಿಮೆ ದರದ ಟಿಕೆಟ್ ಸಾಕು. ಹೆರಿಗೆಯ ದಿನ ಮಾತ್ರ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಎರಡು ವಾರ ಹಿಂದಾಯಿತು, ಮುಂದಾಯಿತು. ಮಗುವಿಗೋ ಬಾಣಂತಿಗೋ ಮೈ ಸರಿಯಿಲ್ಲವೆಂದರೆ ಯಾವ ಅಜ್ಜಿ ತಾನೇ ಟಿಕೆಟ್ ಇದೆ ಎಂದು ಎದ್ದು ಬಂದಾಳು? ಅವರದ್ದು ತಾರೀಖು ಬದಲಿಸಬಹುದಾದ ಟಿಕೆಟ್ ಆಗಿರಲಿ, ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ಯಾರ ದಿನ ಗಟ್ಟಿಯಿಲ್ಲವೋ ಅವರ ಟಿಕೆಟ್ಟಿಗೆ ಹಣ ಹಾಕಿ, ಉಳಿದವರದ್ದರಲ್ಲಿ ಉಳಿಸಿ.

ವೀಸಾ ಮರೆಯಬೇಡಿ. ಜರ್ಮನಿಗೆ ಷೆಂಗೆನ್ ವೀಸಾ, ಬ್ರಿಟನ್ನಿಗೆ ಅದರದ್ದೇ ಬೇರೆ ವೀಸಾ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಹಾಕಬಹುದು, ಬ್ರಿಟನ್ನಿನದನ್ನು 3 ತಿಂಗಳು ಮೊದಲಿನಿಂದ. ಪಾಸ್‌ಪೋರ್ಟ್ ಇರುವುದು ಒಂದೇ. ಮೊದಲು ಜರ್ಮನಿಯದ್ದು ಮುಗಿಸಿಕೊಳ್ಳುವುದು ಅನುಕೂಲ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ, ಈಗಲೇ ತೆಗೆದು ನೋಡಿ. ಅಪ್ಪ ಅಮ್ಮ ಜೊತೆಗಿಲ್ಲದ ಕಾರಣ ಅವರಿಬ್ಬರ ಸಹಿಯಿರುವ ಒಪ್ಪಿಗೆ ಪತ್ರ ಮೊಮ್ಮಗಳ ಬಳಿ ಇರಲಿ. ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಕಡೆಯ ಇನಿಷಿಯಲ್ಲುಗಳು ಅಲ್ಲಿ ಹೇಗೆ ಬಿಡಿಸಿ ಬರೆದಿವೆಯೋ ಹಾಗೆಯೇ.

ತಾರೀಖನ್ನು ಎರಡು ಸಲ ಓದಿ. ಬೆಂಗಳೂರಿನಿಂದ ಯುರೋಪಿಗೆ ಹಲವು ವಿಮಾನಗಳು ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ ‘ಏಪ್ರಿಲ್ 15, 02.00’ ಎಂದಿದ್ದರೆ 14ನೇ ತಾರೀಖು ರಾತ್ರಿಯೇ ದೇವನಹಳ್ಳಿಯಲ್ಲಿರಬೇಕು. ಹಾಗಾದರೆ ಕಳಸದಿಂದ 14ರ ಬೆಳಿಗ್ಗೆಯೇ ಹೊರಡಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಬೇರೆ ಟಿಕೆಟ್ಟಿನಲ್ಲಿ ವಿಮಾನ ಹಿಡಿಯುವವರು ನಡುವೆ ಧಾರಾಳವಾಗಿ ಸಮಯ ಬಿಡಿ. ಟಿಕೆಟ್ ಬೇರೆಯಾದರೆ ಮೊದಲ ವಿಮಾನ ತಡವಾಗಿದ್ದಕ್ಕೆ ಎರಡನೆಯ ಕಂಪನಿ ಹೊಣೆಯಲ್ಲ. ಮಳೆಗಾಲವಾದರೆ ಘಾಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು.

ಒಬ್ಬರೇ ಬರುವ ಅಜ್ಜಿಗೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿಯ ನೆರವು ಕೇಳಿಡಿ. ದೊಡ್ಡ ನಿಲ್ದಾಣದಲ್ಲಿ ಉದ್ದಕ್ಕೂ ನಡೆಯಲಾಗದ ಹಿರಿಯರಿಗೆ ಅದು ದೊಡ್ಡ ಆಸರೆ. ಜೊತೆಗೆ ಬರುವವರು ಇಮಿಗ್ರೇಷನ್ ದಾಟಿಸಿ, ವಿಮಾನದ ಬಾಗಿಲ ತನಕ ಬಿಡುತ್ತಾರೆ. ಹಂತಗಳನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಮಗಳ ಫೋನ್ ನಂಬರ್ ಸಮೇತ ಅಜ್ಜಿಯ ಕೈಚೀಲದಲ್ಲಿ ಇಡುವ ಕೆಲಸ ಮೊಮ್ಮಕ್ಕಳದ್ದು. ಮೊಬೈಲಿನ ಚಾರ್ಜ್ ಮುಗಿದರೂ ಕಾಗದ ಓದಲು ಬರುತ್ತದೆ.

ಈ ವಾರದ ಲೆಕ್ಕ: ಏಪ್ರಿಲ್‌ನಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ನಮ್ಮ ಗಡಿಯಾರದ 2 ಗಂಟೆಗೆ ಹೊರಟ ವಿಮಾನ ಅಲ್ಲಿಯ ಗಡಿಯಾರದ ಎಂಟೂವರೆಗೆ ಇಳಿದರೆ ಎಷ್ಟು ಹೊತ್ತು ಹಾರಿತು? ಆರೂವರೆ ಎಂದವರು ಇನ್ನೊಮ್ಮೆ ಯೋಚಿಸಿ. ಹತ್ತು ಎಂದವರು ನಿಮ್ಮ ಮನೆಯ ಪಟ್ಟಿ ಬರೆಯಲು ಈಗಲೇ ಕೂರಬಹುದು.