ಆಮೆ ಕೇಳುವುದು ಒಂದಿಷ್ಟು ಕತ್ತಲೆ

ಒಮಾನಿನ ಸೂರ್‌ಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಆಮೆ ನೋಡಿದ್ಯಾ?" ಅಕ್ಕ-ಭಾವ ಅಲ್ಲಿರುವುದರಿಂದ ರಜೆಯಲ್ಲಿ ನಾನೂ ಹೋಗಿದ್ದೆ. ಊರಿಂದ ಕಾರಲ್ಲಿ ಮುಕ್ಕಾಲು ಗಂಟೆ ಹೋದರೆ ರಾಸ್ ಅಲ್ ಜಿನ್ಜ್. ಹಸಿರು ಕಡಲಾಮೆಗಳು ಮೊಟ್ಟೆ ಇಡುವ ಈ ತೀರ 1996ರಿಂದ ಸಂರಕ್ಷಿತ ಪ್ರದೇಶ. ಟಿಕೆಟ್ ತಗೊಂಡು ಗೈಡ್ ಹಿಂದೆಯೇ ನಡೆಯಬೇಕು. ಟಾರ್ಚ್, ಫ್ಲ್ಯಾಶ್ ಎರಡೂ ಇಲ್ಲ.

ಆ ನಿಯಮವನ್ನು ನಾನೇ ಮುರಿದೆ. ಮರಳಲ್ಲಿ ಚಪ್ಪಲಿ ಸಿಕ್ಕಿಕೊಂಡಿತು ಅಂತ ಎರಡೇ ಸೆಕೆಂಡು ಮೊಬೈಲ್ ದೀಪ ಹಾಕಿದೆ. ಅಲೆಯಿಂದ ಮೇಲೆ ಬರುತ್ತಿದ್ದ ಆಮೆಯೊಂದು ನಿಂತಿತು, ತಿರುಗಿ ನೀರಿಗೆ ಹೋಯಿತು. ಗೈಡ್ ಬೈಯಲಿಲ್ಲ. "ಖಲಾಸ್" ಅಂದರು, ಅಷ್ಟೆ. ಭಾವ ವಾಪಸ್ ಬರುವಾಗ ಕಾರಲ್ಲಿ ಮಾತೇ ಆಡಲಿಲ್ಲ.

ಹೆಣ್ಣಾಮೆ ಸಾಮಾನ್ಯವಾಗಿ ತಾನು ಹುಟ್ಟಿದ ತೀರದ ಕಡೆಗೇ ಮರಳಿ ಬಂದು ಒಂದು ಗುಂಡಿಯಲ್ಲಿ ಸುಮಾರು 100 ಮೊಟ್ಟೆ ಇಡುತ್ತದೆ. ಹೆಚ್ಚುಕಡಿಮೆ ಎರಡು ತಿಂಗಳಿಗೆ ಹೊರಬರುವ ಮರಿಗಳು ಬೆಳಕಿರುವ ಕಡೆಗೆ ಓಡುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಸಮುದ್ರದ್ದು. ನಾವು ರಸ್ತೆ ದೀಪ ಹಾಕಿದರೆ ರಸ್ತೆಗೇ ಬರುತ್ತವೆ.

ಹಾಗಂತ ಮನುಷ್ಯರೆಲ್ಲ ಜಾಗ ಖಾಲಿ ಮಾಡಬೇಕೇ? ಸೂರ್ ಬರೀ ಆಮೆಯ ಊರಲ್ಲ. ಅಲ್ಲಿ ಮೀನುಗಾರರಿದ್ದಾರೆ, ಗ್ಯಾಸ್ ಘಟಕವಿದೆ, ನಮ್ಮ ದೇಶದ ಸಹಕಾರಿ ಸಂಸ್ಥೆಗಳ ಪಾಲುದಾರಿಕೆಯ ಗೊಬ್ಬರ ಕಾರ್ಖಾನೆಯೂ ಇದೆ. ಅಲ್ಲಿಯ ಯೂರಿಯಾ ನಮ್ಮ ಹೊಲಗಳಿಗೂ ಬರುತ್ತದೆ. ಅದರ ಅನ್ನ ಉಂಡು ಕಾರ್ಖಾನೆಯನ್ನು ಬೈಯುವುದು ಸುಲಭ, ಆದರೆ ಪ್ರಾಮಾಣಿಕವಲ್ಲ.

ನಮ್ಮ ಹೊನ್ನಾವರದ ಕಾಸರಕೋಡನ್ನೇ ನೋಡಿ. 2020ರಲ್ಲಿ ಅಲ್ಲಿಯ ಬೀಚಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಅದೇ ಊರಿನ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಲ್ಲಿ ಹೆಂಗಸರು ಮೀನು ಒಣಗಿಸುವ ಮರಳಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳೂ ಮೊಟ್ಟೆ ಇಡುತ್ತವೆ. ಬಂದರು ಬಂದರೆ ಕೆಲಸ ಸಿಗುತ್ತದೆ ಅನ್ನುವವರ ಮಾತನ್ನು ತಳ್ಳಿಹಾಕಲಾರೆ. ಕೆಲಸಕ್ಕಾಗಿಯೇ ಊರು ಬಿಟ್ಟವರು ನಾವು. ಆದರೆ ಬಂದರಿನಿಂದ ಅನ್ನ ಕಳೆದುಕೊಳ್ಳುವವರನ್ನು ಮೊದಲು ಕೇಳಬೇಕಲ್ಲವೇ?

ಎಂಜಿನಿಯರಿಂಗ್ ಓದಿದವನಾಗಿ ನನಗನಿಸುವುದಿಷ್ಟು. ಸಮತೋಲನ ಅಂದರೆ ಅರ್ಧ ಆಮೆಗೆ, ಅರ್ಧ ನಮಗೆ ಅಂತಲ್ಲ. ಯಾವುದನ್ನು ಬದಲಿಸಬಹುದು, ಯಾವುದನ್ನು ಆಗದು ಎಂದು ಮೊದಲು ಬೇರ್ಪಡಿಸಬೇಕು. ದೀಪಕ್ಕೆ ಮರೆ ಕಟ್ಟಬಹುದು, ಕೆಳಗೆ ಇಳಿಸಬಹುದು, ಬಿಳಿಯ ಬದಲು ಆಮೆಗೆ ಕಡಿಮೆ ಕಾಣುವ ಕೆಂಪು-ಹಳದಿ ಬೆಳಕು ಹಾಕಬಹುದು. ಪ್ರವಾಸಿಗರ ಸಮಯ ಬದಲಿಸಬಹುದು. ಆದರೆ ಮೊಟ್ಟೆ ಇಡುವ ಮರಳಿನ ಮೇಲೆ ರಸ್ತೆ ಹಾಸಿ, ಆಮೆಗೆ ಬೇರೆ ಬೀಚ್ ಕೊಡುತ್ತೇವೆ ಅಂದರೆ ನಡೆಯುವುದಿಲ್ಲ. ಮೀನುಗಾರರಿಗೂ ಅಷ್ಟೆ, ಬೇರೆ ಕಡಲು ಕೊಡಲಾಗದು.

ರಾಸ್ ಅಲ್ ಜಿನ್ಜ್‌ನಲ್ಲಿ ನನಗೆ ಹಿಡಿಸಿದ್ದು ಇದೇ. ಅಲ್ಲಿ ಜನರನ್ನು ತಡೆದಿಲ್ಲ, ಜನರ ವೇಳೆಯನ್ನೂ ಬೆಳಕನ್ನೂ ತಡೆದಿದ್ದಾರೆ. ಆ ಸಣ್ಣ ಶಿಸ್ತನ್ನೂ ಪಾಲಿಸದ ನನ್ನಂಥವರು ಹೊನ್ನಾವರದ ಬಗ್ಗೆ ಪೋಸ್ಟ್ ಹಾಕಿದರೆ ಏನು ಬೆಲೆ?

ನೀವು ಆ ಕಡೆ ಹೋದರೆ ಫೋನನ್ನು ಕಾರಲ್ಲೇ ಬಿಟ್ಟು ಇಳಿಯಿರಿ. ಫೋಟೋ ಬರಲ್ಲ, ನಿಜ. ನನ್ನ ಹತ್ತಿರವೂ ಇಲ್ಲ.