ನಮ್ಮ ಮನೆಯ ಹೆಂಗಸರು ಬೆಟ್ಟದ ಮೇಲಿಂದ ಮೈಸೂರನ್ನು ನೋಡಿದ್ದಾರೆಯೇ?

ರಂಝಾನ್ ಸಮೀಪಿಸುತ್ತಿದ್ದ ದಿನಗಳಲ್ಲಿ ನಮ್ಮ ಮದರಸದ ಹುಡುಗನೊಬ್ಬ ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಅವನ ತಂದೆ ದುಬೈಯಲ್ಲಿ ದುಡಿಯುತ್ತಾರೆ. ಬುರ್ಜ್ ಖಲೀಫಾದ 124ನೇ ಮಹಡಿಯ ವೀಕ್ಷಣಾ ಅಂಗಳದಲ್ಲಿ ನಿಂತು ತೆಗೆದ ವೀಡಿಯೊ ಒಂದನ್ನು ಮನೆಗೆ ಕಳುಹಿಸಿದ್ದರು. "ಹಝ್ರತ್, ಅಷ್ಟು ಎತ್ತರದಲ್ಲಿ ಇರುವವರಿಗೆ ಸೂರ್ಯ ತಡವಾಗಿ ಮುಳುಗುತ್ತಾನಲ್ಲವೇ? ಅವರು ಇಫ್ತಾರ್ ಯಾವಾಗ ಮಾಡಬೇಕು?" ಎಂದ.

ಪ್ರಶ್ನೆ ಬುದ್ಧಿವಂತಿಕೆಯದ್ದಾಗಿತ್ತು. 828 ಮೀಟರ್ ಎತ್ತರದ ಆ ಕಟ್ಟಡ 2010ರಲ್ಲಿ ತೆರೆಯಿತು. ಮರುವರ್ಷದ ರಂಝಾನಿನಲ್ಲಿಯೇ ದುಬೈಯ ಧಾರ್ಮಿಕ ವಿದ್ವಾಂಸರು ಇದಕ್ಕೆ ಉತ್ತರ ಹೇಳಬೇಕಾಗಿ ಬಂತು. ಎಂಬತ್ತನೇ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, ನೂರೈವತ್ತನೆಯದಕ್ಕಿಂತ ಮೇಲಿರುವವರು ಮೂರು ನಿಮಿಷ ತಡೆದು ಉಪವಾಸ ಬಿಡಬೇಕೆಂದು ಅವರು ತಿಳಿಸಿದರು. ಹುಡುಗರಿಗೆ ಇದನ್ನು ವಿವರಿಸಿ, "ಇದಕ್ಕಾಗಿ ದುಬೈಗೆ ಹೋಗಬೇಕಾಗಿಲ್ಲ, ನಮ್ಮ ಚಾಮುಂಡಿ ಬೆಟ್ಟವೇ ಸಾಕು" ಎಂದೆವು. ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರವಿರುವ ಬೆಟ್ಟ, ಕೆಳಗಿನ ನಗರಕ್ಕಿಂತ ಹೆಚ್ಚುಕಡಿಮೆ ಮುನ್ನೂರು ಮೀಟರ್ ಮೇಲಿದೆ. ಊರಿನ ಬೀದಿಯಲ್ಲಿ ಸೂರ್ಯ ಮುಳುಗಿದ ಮೇಲೂ ಬೆಟ್ಟದ ಮೇಲೆ ನಿಂತವನಿಗೆ ಒಂದೆರಡು ನಿಮಿಷ ಕಾಣುತ್ತಿರುತ್ತಾನೆ. ಹಾಗೆ ಹೇಳಿ, "ನಿಮ್ಮಲ್ಲಿ ಎಷ್ಟು ಮಂದಿ ಬೆಟ್ಟಕ್ಕೆ ಹೋಗಿದ್ದೀರಿ?" ಎಂದು ಕೇಳಿದೆವು. ಅರ್ಧದಷ್ಟು ಕೈಗಳೂ ಮೇಲೇಳಲಿಲ್ಲ. "ನಿಮ್ಮ ತಾಯಂದಿರು?" ಎಂದಾಗ ಎದ್ದದ್ದು ಎರಡೇ ಕೈ.

ಆ ಕ್ಷಣದಲ್ಲಿ ನಮಗೆ ನಮ್ಮ ತಾಯಿಯ ನೆನಪಾಯಿತು. ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷಗಳು ಮೀರಿದವು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗಲೆಲ್ಲ ಅವರ ಕಣ್ಣೆದುರಿಗೆ ಆ ಬೆಟ್ಟ. ಮಳೆ ಬರುವುದೋ ಇಲ್ಲವೋ ಎಂಬುದನ್ನು ಅವರು ಬೆಟ್ಟದ ನೆತ್ತಿಯ ಮೋಡವನ್ನು ನೋಡಿಯೇ ಹೇಳುತ್ತಾರೆ. ಆದರೆ ಅವರು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ನಾವು ಕರೆದೊಯ್ದಿರಲಿಲ್ಲ. ಅತಿಥಿಗಳು ಬಂದಾಗಲೆಲ್ಲ ಬೈಕಿನಲ್ಲಿ ಕೂರಿಸಿಕೊಂಡು ಬೆಟ್ಟ ತೋರಿಸಿ ಬಂದ ನಮಗೆ, ಮನೆಯಲ್ಲಿದ್ದವರಿಗೆ ತೋರಿಸಬೇಕೆಂದು ಹೊಳೆದಿರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲವೆಂದು ಆ ತರಗತಿಯ ಕೈಗಳೇ ಹೇಳಿದವು. ನಮ್ಮ ಮೊಹಲ್ಲಾದ ಆಟೊ ಚಾಲಕರು ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ದೇ ಹೊಟ್ಟೆ ಹೊರೆಯುತ್ತಾರೆ. ಅವರಲ್ಲಿ ಒಬ್ಬರನ್ನು, "ಮನೆಯವರು ನೋಡಿದ್ದಾರೆಯೇ?" ಎಂದು ಕೇಳಿದೆವು. ಅವರು ನಕ್ಕು, "ಅವರಿಗೆಲ್ಲಿ ಬಿಡುವು ಹಝ್ರತ್" ಎಂದರು. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರಿಗೆ ಬಿಡುವು ತಾನಾಗಿ ಬರುವುದಿಲ್ಲ, ನಿಜ. ಯಾರಾದರೂ ಮಾಡಿಕೊಡಬೇಕು.

ಬಿಡುವಿಲ್ಲದಿರುವುದಷ್ಟೇ ಕಾರಣವಲ್ಲ ಎಂಬುದೂ ನಮಗೆ ಗೊತ್ತು. "ಅದು ದೇವಸ್ಥಾನದ ಬೆಟ್ಟ, ನಮಗೇನು ಕೆಲಸ?" ಎನ್ನುವ ಹಿರಿಯರಿದ್ದಾರೆ. ಅವರ ಎಚ್ಚರವನ್ನು ನಾವು ಹಗುರಾಗಿ ಕಾಣುವುದಿಲ್ಲ. ತೌಹೀದಿನ ವಿಷಯದಲ್ಲಿ ಸತ್ಯವಿಶ್ವಾಸಿಯು ಎಚ್ಚರವಾಗಿಯೇ ಇರಬೇಕು. ಆದರೆ ಬೆಟ್ಟದ ತುದಿಗಿಂತ ಸ್ವಲ್ಪ ಕೆಳಗೆ, ರಸ್ತೆಯ ತಿರುವಿನಲ್ಲಿ, ಜನರು ನಿಂತು ನಗರವನ್ನು ನೋಡುವ ಜಾಗವೊಂದಿದೆ. ವ್ಯೂ ಪಾಯಿಂಟ್ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ನಿಂತು ಅಲ್ಲಾಹನ ಭೂಮಿಯನ್ನು ನೋಡುವುದು ಬೇರೆ, ಆರಾಧನೆ ಬೇರೆ. 2025ರ ಸೆಪ್ಟೆಂಬರ್ 22ರಂದು ಲೇಖಕಿ ಬಾನು ಮುಷ್ತಾಕ್ ಅವರು ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ ಸಂದರ್ಭದಲ್ಲಿ ಹೊರಗಿನವರೂ ಒಳಗಿನವರೂ ತಮ್ಮ ತಮ್ಮ ಕಾರಣಗಳಿಗಾಗಿ ಆಕ್ಷೇಪಿಸಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಅದು ಒಂದು ಹಬ್ಬದ ಉದ್ಘಾಟನೆಯ ವಿಚಾರ. ನಾವು ಹೇಳುತ್ತಿರುವುದು ರಸ್ತೆಯ ಬದಿಯ ಕಟ್ಟೆಯ ಬಳಿ ನಿಂತು ಊರು ನೋಡುವ ವಿಚಾರ.

ಹಾಗೆ ಹೋದವರು ಅದಬ್ ಮರೆಯಬಾರದು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳುಳ್ಳ ಆ ದಾರಿ ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರುವುದನ್ನು ನಾವು ಕಂಡಿದ್ದೇವೆ. ಅವರನ್ನು ನೋಡಿ ಮಕ್ಕಳು ನಗಬಾರದು. ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯವೇ ನಮ್ಮನ್ನು ತಡೆದಿದೆ. ತಿಂದು ಉಳಿದದ್ದನ್ನು ಅಲ್ಲಿ ಎಸೆಯಬಾರದು. ನಮ್ಮ ಬೆಟ್ಟ ಹೊರಗೆ ಕಾಣುವಷ್ಟು ಗಟ್ಟಿಯೇನೂ ಅಲ್ಲ, 2021ರ ಮಳೆಗೆ ನಂದಿಯ ಕಡೆಗಿನ ರಸ್ತೆಯೇ ಕುಸಿದು ಹೋಯಿತು. ಮಗ್ರಿಬ್‌ನ ಸಮಯವಾಯಿತೆಂದು ಆ ರಸ್ತೆಯಂಚಿನಲ್ಲಿ ಚಾಪೆ ಹಾಸುವುದೂ ನಮಗೆ ಒಪ್ಪಿಗೆಯಿಲ್ಲ. ಅಸರ್ ಮುಗಿಸಿ ಹೊರಟು ಮಗ್ರಿಬ್‌ಗೆ ಮಸೀದಿಗೆ ಮರಳುವಷ್ಟು ಹತ್ತಿರದಲ್ಲಿದೆ ಬೆಟ್ಟ. ಅಲ್ಲಾಹನು ಕಷ್ಟವಿಲ್ಲದಂತೆ ಮಾಡಿಟ್ಟ ವಿಷಯದಲ್ಲಿ ನಾವೇಕೆ ಬೇರೆಯವರ ಮನಸ್ಸನ್ನು ಕದಡಬೇಕು?

ಏರುವಾಗ ಮತ್ತು ಇಳಿಯುವಾಗ ಏನು ಹೇಳಬೇಕೆಂಬುದನ್ನು ಸಹಾಬಿಗಳು ನಮಗೆ ತಿಳಿಸಿಕೊಟ್ಟಿದ್ದಾರೆ. ಎತ್ತರಕ್ಕೆ ಏರುವಾಗ ತಾವು ತಕ್ಬೀರ್ ಹೇಳುತ್ತಿದ್ದೆವು, ಇಳಿಯುವಾಗ ತಸ್ಬೀಹ್ ಹೇಳುತ್ತಿದ್ದೆವು ಎಂದು ಜಾಬಿರ್(ರ) ನೆನೆದದ್ದು ಬುಖಾರಿಯಲ್ಲಿದೆ. ಎತ್ತರಕ್ಕೆ ಹೋದವನಿಗೆ ತಾನೇ ದೊಡ್ಡವನೆನಿಸುವುದು ಸಹಜ, ಆಗ ದೊಡ್ಡವನು ಅಲ್ಲಾಹನೆಂದು ನಾಲಗೆ ನೆನಪಿಸುತ್ತದೆ. ಫಿರ್‌ಔನನಿಗೆ ಈ ನೆನಪು ಇರಲಿಲ್ಲ. ಇಟ್ಟಿಗೆ ಸುಟ್ಟು ಎತ್ತರದ ಗೋಪುರವೊಂದನ್ನು ಕಟ್ಟು, ಅದನ್ನೇರಿ ಮೂಸಾನ ದೇವನನ್ನು ನೋಡುವೆನು ಎಂದು ಅವನು ಹಾಮಾನನಿಗೆ ಆಜ್ಞಾಪಿಸಿದ್ದನ್ನು ಅಲ್ ಕಸಸ್ ಅಧ್ಯಾಯದಲ್ಲಿ ಓದುತ್ತೇವೆ. ಬರಿಗಾಲಿನ ಕುರಿಗಾಹಿಗಳು ಎತ್ತರದ ಕಟ್ಟಡಗಳಲ್ಲಿ ಪೈಪೋಟಿ ನಡೆಸುವುದು ಅಂತ್ಯದಿನದ ಕುರುಹುಗಳಲ್ಲೊಂದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಮ್ಮ ರಾಜ್ಯವೂ ಪೈಪೋಟಿಯಿಂದ ಹೊರಗುಳಿದಿಲ್ಲ. ಬೆಂಗಳೂರಿನ ಹೆಮ್ಮಿಗೆಪುರದಲ್ಲಿ 250 ಮೀಟರ್ ಎತ್ತರದ ಸ್ಕೈ ಡೆಕ್ ನಿರ್ಮಿಸಲು 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಮೈಸೂರಿನವರಿಗೆ ಅದಕ್ಕಿಂತ ಎತ್ತರದ ಜಾಗವನ್ನು ಸೃಷ್ಟಿಕರ್ತನು ಖರ್ಚಿಲ್ಲದೆ ಕೊಟ್ಟಿದ್ದಾನೆ.

ಆ ಜಾಗದಿಂದ ಏನು ಕಾಣುತ್ತದೆ? ಕಾಲ ಬುಡದಲ್ಲಿ ಕುದುರೆ ರೇಸಿನ ಮೈದಾನದ ಉದ್ದನೆಯ ಸುತ್ತು. ಅದರಾಚೆ ಅರಮನೆ. ಹಳೆಯದು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅದರ ಗುಮ್ಮಟಗಳಿಗೂ ಕಮಾನುಗಳಿಗೂ ನಮ್ಮವರ ವಾಸ್ತುಶೈಲಿಯ ಋಣವಿದೆ. ಬಲಕ್ಕೆ ಬೆಳ್ಳನೆಯ ಲಲಿತ ಮಹಲ್. ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು, ಅದೇ ಅಶೋಕ ರಸ್ತೆಯಲ್ಲಿ ನಮ್ಮ ಮಸ್ಜಿದೆ ಆಝಂ. ಕಾರಂಜಿ ಕೆರೆಯ ನೀರು. ಈ ನಾಡನ್ನು ಅಂದಗೊಳಿಸಿದವರ ಸಾಲಿನಲ್ಲಿ, 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಅವರೂ ಇದ್ದಾರೆಂದು ನಾವು ಮಕ್ಕಳಿಗೆ ಅಲ್ಲಿಯೇ ಹೇಳಿದೆವು. ಅವರು ಕಿವಿಗೊಟ್ಟಂತೆ ತೋರಲಿಲ್ಲ. ಬಂದ ಮಕ್ಕಳೆಲ್ಲರೂ ಮೊದಲು ಕೇಳುವುದು ಒಂದೇ: "ನಮ್ಮ ಮನೆ ಎಲ್ಲಿದೆ?"

ಈ ಪ್ರಶ್ನೆಯ ಎದುರು ನಾವು ನಿಂತುಬಿಟ್ಟೆವು. ಅರಮನೆ, ಚರ್ಚು, ಮಹಲು ಎಲ್ಲವನ್ನೂ ಬೆರಳು ಚಾಚಿ ತೋರಿಸಬಲ್ಲ ನಾವು ಉದಯಗಿರಿ, ಗೌಸಿಯಾನಗರ, ಶಾಂತಿನಗರಗಳನ್ನು ತೋರಿಸುವಾಗ ಆ ದಿಕ್ಕಿನ ಕಡೆ ಅಂಗೈಯನ್ನು ಬೀಸಿದೆವು, ಅಷ್ಟೇ. ಒತ್ತಾಗಿ ಕಟ್ಟಿದ ಮನೆಗಳು, ಮಾಳಿಗೆಯ ಮೇಲಿನ ನೀರಿನ ತೊಟ್ಟಿಗಳು, ನಡುವೆ ಅಲ್ಲಲ್ಲಿ ಒಂದು ಮಿನಾರ. ಯಾವುದು ಯಾವುದೆಂದು ಬೇರ್ಪಡಿಸಲಾಗಲಿಲ್ಲ.

ಪ್ರವಾದಿವರ್ಯರು(ಸ) ಒಮ್ಮೆ ಮದೀನಾದ ಎತ್ತರದ ಕೋಟೆಯೊಂದರ ಮೇಲಿನಿಂದ ನಗರವನ್ನು ನೋಡಿದರು. ಜೊತೆಯಲ್ಲಿದ್ದವರಿಗೆ, ನಾನು ಕಾಣುತ್ತಿರುವುದು ನಿಮಗೂ ಕಾಣುತ್ತಿದೆಯೇ ಎಂದು ಕೇಳಿದರು. ನಿಮ್ಮ ಮನೆಗಳ ನಡುವೆ ಫಿತ್ನಗಳು ಮಳೆಹನಿಗಳಂತೆ ಬೀಳುವುದನ್ನು ಕಾಣುತ್ತಿದ್ದೇನೆ ಎಂಬುದು ಅವರ ಮಾತಿನ ತಾತ್ಪರ್ಯ. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಈ ಹದೀಸ್ ಇದೆ. ಎಷ್ಟೋ ವರ್ಷಗಳಿಂದ ಇದನ್ನು ಪಾಠ ಹೇಳುತ್ತಿದ್ದರೂ, ಬೆಟ್ಟದ ಮೇಲೆ ನಿಂತಾಗಲೇ ಇದರ ಭಾರ ನಮಗೆ ತಿಳಿದದ್ದು. ನಗರದ ಮೇಲೆ ಕಣ್ಣು ಹಾಯಿಸಿದಾಗ ಅವರಿಗೆ ಕಂಡದ್ದು ಮನೆಗಳು, ಮನೆಗಳ ನಡುವೆ ಬೀಳಲಿರುವ ಆಪತ್ತು. ನಮಗೆ ಅರಮನೆ ಕಾಣುತ್ತದೆ.

2025ರ ಫೆಬ್ರವರಿಯಲ್ಲಿ ಜಾಲತಾಣದ ಒಂದು ಪೋಸ್ಟಿನಿಂದ ಕೆರಳಿದ ಜನರು ಉದಯಗಿರಿಯ ಪೊಲೀಸ್ ಠಾಣೆಯ ಮುಂದೆ ಸೇರಿ, ಕಲ್ಲು ತೂರಾಟ ನಡೆದು, ನಮ್ಮ ಬಡಾವಣೆಯ ಹೆಸರು ರಾಜ್ಯದ ತುಂಬ ಕೇಳಿಬಂತು. ಪ್ರವಾದಿನಿಂದನೆಯ ನೋವು ನಮಗೂ ಆಗಿತ್ತು. ಆದರೆ ಕಲ್ಲಿನಿಂದ ಯಾವ ಪ್ರವಾದಿಪ್ರೇಮವೂ ಸಿದ್ಧವಾಗುವುದಿಲ್ಲ. ಆ ರಾತ್ರಿಯ ನಂತರದ ವಾರಗಳಲ್ಲಿ ತಾಯಂದಿರು ನಮ್ಮ ಬಳಿ ಬಂದು, "ಮಗ ಯಾರ ಜೊತೆ ಓಡಾಡುತ್ತಾನೆಂದೇ ನಮಗೆ ಗೊತ್ತಿರಲಿಲ್ಲ" ಎಂದು ಅತ್ತರು. ನಮಗೂ ಗೊತ್ತಿರಲಿಲ್ಲ. ನಮ್ಮ ಹುಡುಗರಿಗೆ ಇಡೀ ಮೈಸೂರು ಎಂದರೆ ತಮ್ಮ ನಾಲ್ಕು ಬೀದಿ, ಕೈಯಲ್ಲಿರುವ ಫೋನು. ಉಳಿದ ಮೈಸೂರಿಗೆ ಆ ನಾಲ್ಕು ಬೀದಿ ಎಂದರೆ ಸುದ್ದಿವಾಹಿನಿಯ ಒಂದು ದೃಶ್ಯ. ಬೆಟ್ಟಕ್ಕೆ ಹೋಗಿಬಂದರೆ ಇದೆಲ್ಲ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ನಿಂತ ಹುಡುಗನಿಗೆ ತನ್ನ ಬೀದಿಯೂ ಚರ್ಚಿನ ಗೋಪುರವೂ ಅಗ್ರಹಾರದ ಹೆಂಚುಗಳೂ ಒಂದೇ ನೋಟದಲ್ಲಿ ಸಿಗುತ್ತವೆ. ಅವುಗಳ ನಡುವೆ ಎಲ್ಲಿಯೂ ಗೆರೆ ಎಳೆದಿಲ್ಲ.

ಇನ್ನೊಂದು ಮಾತನ್ನು ಯುವಕರಿಗೆ ಹೇಳಲೇಬೇಕು. ಅಲ್ಲಿ ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ಅಪರಿಚಿತ ಕುಟುಂಬಗಳ ಕಡೆ, ಹೆಣ್ಣುಮಕ್ಕಳ ಕಡೆ ತಿರುಗಿಸುವವರನ್ನು ನಾವೇ ಕಂಡೆವು. ಮಿನಾರವನ್ನು ಏರುವ ಮುಅದ್ದಿನ್ ಕೂಡ ಸುತ್ತಲಿನ ಮನೆಗಳ ಅಂಗಳದತ್ತ ನೋಡದೆ ದೃಷ್ಟಿ ತಗ್ಗಿಸಬೇಕೆಂದು ಹಿಂದಿನ ಹಿಸ್ಬಾ ಗ್ರಂಥಗಳು ವಿಧಿಸಿದ್ದವು. ಅಝಾನ್ ಕೊಡಲು ಹತ್ತಿದವನಿಗೇ ಆ ನಿಯಮ!

ಹೆಂಗಸರನ್ನು ನೋಟಗಳಿಗಾಗಿ ಕರೆದೊಯ್ಯುವುದು ವ್ಯರ್ಥ ಕಾಲಕ್ಷೇಪವೆಂದು ಭಾವಿಸುವವರಿಗೆ ನಾವು ಆಯಿಷಾ(ರ) ಅವರ ಪ್ರಸಂಗವನ್ನು ನೆನಪಿಸುತ್ತೇವೆ. ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಡುತ್ತಿದ್ದಾಗ ಪ್ರವಾದಿವರ್ಯರು(ಸ) ತಮ್ಮ ಮೇಲುವಸ್ತ್ರದಿಂದ ಮರೆಮಾಡಿ ಅವರಿಗೆ ಅದನ್ನು ತೋರಿಸಿದರು. ಮುಖ್ಯವಾದದ್ದು ಇದು: ಅವರಿಗೇ ಸಾಕೆನಿಸುವವರೆಗೆ ನಿಂತಿದ್ದರು. ಮನೆಯವರನ್ನು ಎಲ್ಲಿಗಾದರೂ ಕರೆದೊಯ್ದಾಗ ಹತ್ತು ನಿಮಿಷಕ್ಕೇ ಗಡಿಯಾರ ನೋಡುವ ನಾವು ಈ ಹದೀಸನ್ನು ಇನ್ನೊಮ್ಮೆ ಓದಬೇಕು. ಹಣದ ನೆಪವೂ ಈಗ ಉಳಿದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ದುಡ್ಡಿಲ್ಲ, ಬೆಟ್ಟಕ್ಕೂ ನಗರ ಸಾರಿಗೆ ಬಸ್ಸಿದೆ.

ನಮ್ಮ ತಾಯಿಯನ್ನು ನಾವು ಆಟೊದಲ್ಲಿಯೇ ಕರೆದೊಯ್ದೆವು, ಮಂಡಿನೋವಿನವರು. ಕಟ್ಟೆಯ ಬಳಿ ನಿಂತು ಬಹಳ ಹೊತ್ತು ಅವರು ಮಾತಾಡಲಿಲ್ಲ. ಮೊಮ್ಮಕ್ಕಳು ಮನೆಯನ್ನು ಹುಡುಕಿ ಸೋತು, "ಕಾಣುವುದೇ ಇಲ್ಲ ದಾದಿ" ಎಂದಾಗ ಅವರು ಹಿಂದಿರುಗಿ ಬೆಟ್ಟದ ಇಳಿಜಾರನ್ನು ಒಮ್ಮೆ ನೋಡಿದರು. "ನಮ್ಮ ಮಾಳಿಗೆಯಿಂದ ನೋಡಿದರೆ ಈ ತಿರುವು ನೀರಿನ ತೊಟ್ಟಿಯ ಬಲಗಡೆ ಕಾಣುತ್ತದೆ. ಹಾಗಾದರೆ ಮನೆ ಇದಕ್ಕೆ ನೇರ, ಆ ಮಿನಾರಕ್ಕಿಂತ ಸ್ವಲ್ಪ ಈಚೆ" ಎಂದು ಬೆರಳು ಚಾಚಿದರು. ಫೋನಿನ ನಕ್ಷೆ ತೆಗೆದು ನೋಡಿದ ಹಿರಿಯ ಹುಡುಗ ಹೌದೆಂದ. ನಲವತ್ತು ವರ್ಷ ಕೆಳಗಿನಿಂದ ಬೆಟ್ಟವನ್ನು ನೋಡಿದವರಿಗೆ ಬೆಟ್ಟದಿಂದ ಮನೆಯ ದಾರಿ ತಿಳಿದಿತ್ತು.

ಇಳಿಯುವಾಗ ಮಕ್ಕಳು ಒಂದೊಂದು ತಿರುವಿಗೂ ಸುಬ್‌ಹಾನಲ್ಲಾಹ್ ಹೇಳುತ್ತಿದ್ದರು, ಆಟೊ ಚಾಲಕರೂ ದನಿಗೂಡಿಸಿದರು. ಅಮ್ಮಿ ಪಕ್ಕದ ಮನೆಯ ಖಾಲಾರನ್ನೂ ಒಮ್ಮೆ ಕರೆತರಬೇಕೆಂದರು. ಮುಂದಿನ ಭಾನುವಾರ ಅಸರ್ ನಂತರ ಅದೇ ಆಟೊ ಬಾಗಿಲಿಗೆ ಬಂತು. ಅಮ್ಮಿ, ಖಾಲಾ, ಅವರ ಸೊಸೆ, ಜೊತೆಗೆ ಆಟೊ ಚಾಲಕರ ಮನೆಯವರು ಒತ್ತಿಕೊಂಡು ಕುಳಿತಿದ್ದರು. ನಮಗೆ ಅದರಲ್ಲಿ ಜಾಗವಿರಲಿಲ್ಲ.